ನ್ಯೂಟ್ರಲ್‌ನಲ್ಲಿ ಬಿಟ್ಟ ಕಾರುಗಳು

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು. ಆದರೆ ವಿಶ್ವವಿದ್ಯಾಲಯದಲ್ಲಿ ಅದು ಯಾರ ಬಾಯಲ್ಲೂ ಉಳಿದಿರಲಿಲ್ಲ. ಎಲ್ಲರಿಗೂ ಅವನು ನ್ಯೂಟ್ರಲ್. ಮುಖ್ಯ ಕಟ್ಟಡದ ಮುಂದಿನ ಪಾರ್ಕಿಂಗ್ ಅಂಗಳದಲ್ಲಿ ತಲೆ ನರೆಯುವ ತನಕ ನಿಂತು, ಬಂದ ಪ್ರತಿ ಕಾರಿನ ಕಿಟಕಿಗೂ ಬಗ್ಗಿ, "ಹ್ಯಾಂಡ್‌ಬ್ರೇಕ್ ಹಾಕ್ಬೇಡಿ ಸಾರ್, ನ್ಯೂಟ್ರಲ್‌ನಲ್ಲಿ ಬಿಟ್ಟು ಹೋಗಿ" ಎಂದು ಹೇಳಿ ಹೇಳಿ ಸಂಪಾದಿಸಿದ ಬಿರುದು ಅದು. ಪ್ರೊಫೆಸರರ ಬಿರುದುಗಳಿಗಿಂತ ಅದೇ ಹೆಚ್ಚು ಬಳಕೆಯಲ್ಲಿತ್ತು.

ಅಂಗಳ ಮಾಡಿದ ಕಾಲದಲ್ಲಿ ಮೇಷ್ಟ್ರುಗಳು ಸೈಕಲ್ ಮೇಲೆ ಬರುತ್ತಿದ್ದರು. ಈಗ ಮೇಷ್ಟ್ರಿಗೊಂದು ಕಾರು, ಗುಮಾಸ್ತನಿಗೊಂದು ಕಾರು, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ವಿದ್ಯಾರ್ಥಿಗೂ ಅವನಪ್ಪನದೊಂದು ಕಾರು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಇಲ್ಲಿ ಹಾಸಿಗೆ ಇದ್ದಷ್ಟೇ ಇತ್ತು, ಕಾಲು ಮಾತ್ರ ವರ್ಷವರ್ಷ ಉದ್ದವಾಯಿತು. ಅದಕ್ಕೇ ಅವನೊಂದು ಪದ್ಧತಿ ಮಾಡಿಕೊಂಡಿದ್ದ. ಗೋಡೆಗೆ ಮುಖ ಮಾಡಿ ಒಂದು ಸಾಲು, ಅದರ ಬೆನ್ನ ಹಿಂದೆ ಅಡ್ಡಡ್ಡಲಾಗಿ ಇನ್ನೊಂದು ಸಾಲು. ಅಡ್ಡ ನಿಂತವೆಲ್ಲ ನ್ಯೂಟ್ರಲ್‌ನಲ್ಲಿರಬೇಕು. ಒಳಸಾಲಿನವರು ಹೊರಟಾಗ ಇವನು ಅಡ್ಡಸಾಲಿನ ಕಾರಿನ ಬೆನ್ನಿಗೆ ಎರಡೂ ಅಂಗೈ ಕೊಟ್ಟು ದೂಡಿ ದಾರಿ ಮಾಡುತ್ತಿದ್ದ. ಅವರು ಹೋದ ಮೇಲೆ ಮತ್ತೆ ದೂಡಿ ಜಾಗ ಮುಚ್ಚುತ್ತಿದ್ದ. ದಿನವಿಡೀ ಇದೇ ಕೆಲಸ. ಅಷ್ಟೊಂದು ಜನರನ್ನು ಮುಂದಕ್ಕೆ ತಳ್ಳಿದವನು ತಾನು ಮಾತ್ರ ನಿಂತಲ್ಲೇ ನಿಂತಿದ್ದ.

ಅವನ ಹೆಂಡತಿ ಗುಡ್ಡದ ಮೇಲಿನ ಹಾಸ್ಟೆಲ್ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಅವರ ಮನೆಯೆಂದರೆ ವಿಶ್ವವಿದ್ಯಾಲಯದ ಹಿಂದಿನ ಗೇಟಿನ ಪಕ್ಕದ ಒಂದು ಕೋಣೆ. ಅಲ್ಲಿಂದ ಅಡುಗೆಮನೆಗೆ ಉದ್ದಕ್ಕೂ ಏರು. ಆಟೋಗಳನ್ನು ಗೇಟಿನೊಳಗೆ ಬಿಡುತ್ತಿರಲಿಲ್ಲ. ಮೊದಲೆಲ್ಲ ಇವನೇ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಕಾರು ದೂಡಿ ದೂಡಿ ಸೊಂಟ ಕೈಕೊಟ್ಟ ಮೇಲೆ ಅದೂ ನಿಂತಿತು. ಅವಳ ಮೊಣಕಾಲುಗಳು ಸವೆದಿವೆ, ಏರು ಹತ್ತಕೂಡದು ಎಂದು ಡಾಕ್ಟರು ಹೇಳಿದ್ದರು.

"ಹಾಗಾದ್ರೆ ಅಡುಗೆಮನೇನೇ ಕೆಳಗಿಳಿಸಿ ಅಂತ ಚೀಟಿ ಬರ್ಕೊಡಿ ಅಂದೆ. ನಕ್ಬಿಟ್ರು ಕಣ್ರೀ," ಎಂದು ಅವಳೂ ನಕ್ಕಿದ್ದಳು.

ನಗುವ ವಿಷಯವಾಗಿರಲಿಲ್ಲ. ಅಡುಗೆಮನೆಯ ಮೇಲ್ವಿಚಾರಕಿ, "ಅಕ್ಕಾ, ಹೀಗೆ ದಿನಾ ಲೇಟಾದ್ರೆ ನಾನು ಬೇರೆಯವ್ರನ್ನ ನೋಡ್ಬೇಕಾಗುತ್ತೆ," ಎಂದು ಖಂಡತುಂಡವಾಗಿ ಹೇಳಿದ್ದಳು. ಮಕ್ಕಳಿಲ್ಲದ ಮನೆ, ಮಾತಾಡದ ಗಂಡ. ಚಾಕು ಹಿಡಿದು ನಾಲ್ಕು ಹೆಂಗಸರ ನಡುವೆ ಕೂತರೆ ಮಾತ್ರ ಅವಳಿಗೆ ಜೀವ ಬರುತ್ತಿತ್ತು. ಆ ಅಡುಗೆಮನೆ ತಪ್ಪಿದರೆ ಅವಳು ಬಾಡಿಹೋಗುತ್ತಾಳೆಂದು ಅವನಿಗೆ ಗೊತ್ತಿತ್ತು, ಭಯವೂ ಇತ್ತು.

ಅಂಥ ಹೊತ್ತಿಗೆ ಬಸ್ಸಿನ ಸುದ್ದಿ ಬಂತು. ಕಾರುಗಳನ್ನೆಲ್ಲ ಹೊರಗಿನ ಮೈದಾನದಲ್ಲಿ ನಿಲ್ಲಿಸುವುದು, ಒಳಗೆ ಸಣ್ಣ ಬಸ್ಸುಗಳು ಸುತ್ತುವುದು. ಸಾರಿಗೆ ವಿಭಾಗದ ಗುಮಾಸ್ತ ಗೋಡೆಯ ಮೇಲಿನ ನಕ್ಷೆಯಲ್ಲಿ ಬೆರಳಿಟ್ಟು, "ನೋಡಯ್ಯ, ಇಲ್ಲೊಂದು ಸ್ಟಾಪು. ಹಾಸ್ಟೆಲ್ ಅಡುಗೆಮನೆ ಬಾಗಿಲಿಗೇ," ಎಂದ. ನ್ಯೂಟ್ರಲ್ ಆ ಜಾಗವನ್ನು ತಾನೂ ಒಮ್ಮೆ ಮುಟ್ಟಿ ನೋಡಿದ.

"ಹೊರಗಿಂದ ಅಧಿಕಾರಿಗಳು ಬರ್ತಾರೆ. ನಿನ್ನ ಅಂಗಳ ನೋಡಿ ಅವರು ಏನು ಬರೀತಾರೋ ಅದರ ಮೇಲೆ ಬಸ್ಸು," ಎಂದೂ ಗುಮಾಸ್ತ ಹೇಳಿದ.

ಪುಣ್ಯಾತ್ಮ ಇನ್ನೊಂದು ಮಾತು ಬಿಡಿಸಿ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಅಧಿಕಾರಿಗಳು ಬರುತ್ತಿದ್ದದ್ದು ಅಂಗಳದ ಕಷ್ಟ ನೋಡಲು. ನ್ಯೂಟ್ರಲ್ ತಿಳಿದುಕೊಂಡದ್ದು, ತನ್ನ ಅಂಗಳದ ಚೆಂದ ನೋಡಲು ಎಂದು. ಮಾರ್ಕು ಚೆನ್ನಾಗಿ ಬಿದ್ದರೆ ಬಸ್ಸು ಬಹುಮಾನ. ಜೀವಮಾನವೆಲ್ಲ ವಿದ್ಯಾಲಯದ ಬಾಗಿಲಲ್ಲಿ ಕಳೆದವನು ಮತ್ತೇನೆಂದುಕೊಂಡಾನು?

ಹೆಂಡತಿಯೂ ಹಾಗೇ ತಿಳಿದಳು. ಅಧಿಕಾರಿಗಳು ಬರುವ ದಿನ ಬೆಳಿಗ್ಗೆ ಅವನ ಸಮವಸ್ತ್ರಕ್ಕೆ ಇಸ್ತ್ರಿ ಮಾಡಿ, ಕಾಲರು ಸರಿಮಾಡಿ, "ನೆಂಟರು ಬಂದಾಗ ಹರಿದ ಚಾಪೆ ಒಳಗಿಡಲ್ವೇನ್ರೀ, ಹಾಗೆ. ಒಂದು ಹಾರ್ನೂ ಕೇಳ್ಬಾರ್ದು ಇವತ್ತು. ನನ್ನ ಮೊಣಕಾಲು ನಿಮ್ಮ ಕೈಯಲ್ಲಿದೆ," ಎಂದಳು.

ಅವತ್ತು ಅವನು ದೂಡಿದ್ದನ್ನು ಇಡೀ ವಿಶ್ವವಿದ್ಯಾಲಯ ನೋಡಿತು. ಸೊಂಟಕ್ಕೆ ಟವೆಲು ಬಿಗಿದು, ಕಾರಿನವರು ಮೆಟ್ಟಿಲಿಳಿಯುವುದನ್ನು ಕಂಡೊಡನೆ ಓಡಿ, ಅವರು ಕೀಲಿ ಹುಡುಕುವುದರೊಳಗೆ ದಾರಿ ಬಿಡಿಸಿದ. ಅಂಗಳ ಬಾಚಿದ ತಲೆಯಂತಿತ್ತು. ಅಧಿಕಾರಿಗಳು ಮರದ ನೆರಳಲ್ಲಿ ನಿಂತು ಬರೆದುಕೊಂಡರು, ಫೋಟೋ ತೆಗೆದರು. ಹಾರ್ನು ಒಂದೂ ಕೇಳಲಿಲ್ಲ. ಹೊರಡುವಾಗ ಅವರಲ್ಲಿ ಹಿರಿಯರೊಬ್ಬರು ಬಂದು ಅವನ ಕೈ ಕುಲುಕಿದರು.

"ತುಂಬಾ ಚೆನ್ನಾಗಿ ಇಟ್ಕೊಂಡಿದ್ದೀರಿ. ನಿಮ್ಮಂಥವರು ಇರೋವಾಗ ಬಸ್ಸು ಯಾಕೆ ಬೇಕು ಹೇಳಿ!"

ಅವನು ಹಲ್ಲು ಕಿರಿದ. ದೊಡ್ಡವರು ತಮಾಷೆ ಮಾಡಿದರೆ ನಗಬೇಕು. ಮನೆಗೆ ಹೋಗುವಾಗ ಮಾತ್ರ ಆ ಕೊನೆಯ ಮಾತು ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ಆಯಿತು. ಹೆಂಡತಿಗೆ ಮೊದಲ ಮಾತು ಹೇಳಿದ, ಕೈ ಕುಲುಕಿದ್ದನ್ನು ಹೇಳಿದ. ಕಲ್ಲನ್ನು ತಾನೇ ನುಂಗಿಕೊಂಡ. ಅವಳು ಅವನ ಬಲಗೈ ಹಿಡಿದು ತಿರುಗಿಸಿ ನೋಡಿ, "ಬಸ್ಸಲ್ಲಿ ಕಿಟಕಿ ಪಕ್ಕದ ಸೀಟು ನಂದೇ, ಈಗ್ಲೇ ಹೇಳಿದ್ದೀನಿ," ಎಂದಳು.

ತಿಂಗಳುಗಟ್ಟಲೆ ಕಾದ ಮೇಲೆ, ಬೆಟ್ಟ ಅಗೆದು ಇಲಿ ಹಿಡಿದಂತೆ, ವರದಿ ಬಂತು. ಅಂಗಳದಲ್ಲಿ ಹೇಳಿಕೊಳ್ಳುವಂಥ ತೊಂದರೆಯೇನೂ ಇಲ್ಲ, ಈಗಿರುವ ವ್ಯವಸ್ಥೆ ಸಾಕು, ಬಸ್ಸು ಬೇಡ.

"ನೀನಿದ್ದೀಯಲ್ಲಪ್ಪ, ನೀನೇ ವ್ಯವಸ್ಥೆ," ಎಂದು ಗುಮಾಸ್ತ ಬೆನ್ನು ತಟ್ಟಿದ.

ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳುವವರನ್ನು ಕಂಡಿದ್ದೇವೆ. ಇವನು ಎತ್ತಿಹಾಕಿದ್ದು ಹೆಂಡತಿಯ ಕಾಲ ಮೇಲೆ. ಅದೂ ಪ್ರೀತಿಯಿಂದ, ಬೆವರು ಸುರಿಸಿ.

ಮರುದಿನ ಅವನು ಸ್ಟೂಲಿನ ಮೇಲೆ ಕುಳಿತವನು ಏಳಲೇ ಇಲ್ಲ. ಅಂಗಳ ಕಗ್ಗಂಟಾಯಿತು. ಹಾರ್ನು, ಕೂಗಾಟ. ಗುಮಾಸ್ತ ಓಡಿ ಬಂದ.

"ಏನಯ್ಯಾ ಬಂತು ನಿಂಗೆ ಇವತ್ತು?"

"ಬಂದು ನೋಡ್ಲಿ ಸಾರ್ ಅವ್ರು."

"ಯಾವ ಅವ್ರು?"

"ಕೈ ಕುಲುಕಿದ್ರಲ್ಲ, ಅವ್ರು."

"ಅವ್ರು ಬರೆದು ಕೊಟ್ಟು ಕೈ ತೊಳ್ಕೊಂಡ್ರು. ಇನ್ನು ಯಾಕೆ ಬರ್ತಾರೆ?"

ಅಷ್ಟರಲ್ಲಿ ಒಳಸಾಲಿನ ಕಾರಿನ ಬಳಿ ಒಬ್ಬರು ಮೇಡಂ ಕಣ್ಣೀರು ಹಾಕಿಕೊಂಡು ನಿಂತಿದ್ದರು. ಶಾಲೆಯಲ್ಲಿ ಮಗುವಿಗೆ ಜ್ವರ ಬಂದಿದೆಯೆಂದು ಫೋನು ಬಂದಿತ್ತಂತೆ. ನ್ಯೂಟ್ರಲ್ ಅವರನ್ನೊಮ್ಮೆ ನೋಡಿದ, ಗುಮಾಸ್ತನನ್ನೊಮ್ಮೆ ನೋಡಿದ. ಎದ್ದು ಅಡ್ಡ ನಿಂತ ಕಾರಿಗೆ ಅಂಗೈ ಕೊಟ್ಟ. ಅಲ್ಲಿಗೆ ಅವನ ಮುಷ್ಕರ ಮುಗಿಯಿತು.

ಮಳೆಗಾಲ ಶುರುವಾಗುವುದರೊಳಗೆ ಅವಳ ಕೆಲಸ ಹೋಯಿತು. ತನ್ನ ಚಾಕುವನ್ನು ಸೆರಗಿನಲ್ಲಿ ಸುತ್ತಿಕೊಂಡು, ದಾರಿಯಲ್ಲಿ ಎರಡು ಕಡೆ ಕೂತು ಎದ್ದು, ಗುಡ್ಡ ಇಳಿದು ಬಂದಳು. ಬಸ್ಸು ಯಾಕೆ ಬರಲಿಲ್ಲ ಎಂದು ಕೇಳಿದ್ದಕ್ಕೆ, "ಮೇಲಿನವ್ರು ಬೇಡ ಅಂದ್ರಂತೆ," ಎಂದಷ್ಟೇ ಅವನು ಹೇಳಿದ್ದ. ನಿಜ ಹೇಳಿದರೆ, ಚೆನ್ನಾಗಿ ಇಡಿ ಎಂದು ಕಳಿಸಿದವಳು ತಾನೇ ಎಂಬುದು ಅವಳಿಗೆ ನೆನಪಾಗುತ್ತಿತ್ತು. ಕಾಲು ಹೋದವಳಿಗೆ ಆ ಭಾರವನ್ನೂ ಹೊರಿಸಲು ಅವನಿಗೆ ಮನಸ್ಸಾಗಲಿಲ್ಲ.

ಈಗ ಅವಳು ಬಾಗಿಲ ಹತ್ತಿರ ಕಾಲು ನೀಡಿ ಕೂರುತ್ತಾಳೆ. ಮಾತು ಕಡಿಮೆಯಾಗಿದೆ. ಯಾರಾದರೂ ಬಂದರೆ ಮಾತ್ರ ಆ ದಿನದ ಕಥೆ ತೆಗೆಯುತ್ತಾಳೆ. ಮೊನ್ನೆ ಪಕ್ಕದ ಮನೆಗೆ ಹೊಸದಾಗಿ ಬಂದ ಹೆಂಗಸು ಮಾತಾಡಿಸಲು ಬಂದಾಗಲೂ ತೆಗೆದಳು.

"ಬಸ್ಸು ಬರ್ಲಿಲ್ಲ, ಹೋಗ್ಲಿ ಬಿಡಿ. ಆದ್ರೆ ಅಷ್ಟು ದೊಡ್ಡ ಅಧಿಕಾರಿ ನಮ್ಮನೆಯವ್ರ ಕೈ ಕುಲುಕಿದ್ರು, ಗೊತ್ತಾ? ರೀ, ಏನಂದ್ರು ಅವ್ರು? ನೀವೇ ಹೇಳ್ರಿ."

ಅವನು ನೋಯುವ ಅಂಗೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ.

"ತುಂಬಾ ಚೆನ್ನಾಗಿ ಇಟ್ಕೊಂಡಿದ್ದೀರಿ ಅಂದ್ರು."

"ಆಮೇಲೆ?"

"ಆಮೇಲೇನಿಲ್ಲ. ಅಷ್ಟೇ ಅಂದ್ರು."