ಎಡಗೈ ಸೊಟ್ಟಗಿದ್ದವಳು

ಮೂಳೆ ಓದುವುದು ನನ್ನ ಕೆಲಸ. ಜ್ಞಾನಭಾರತಿಯ ಕಡೆ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಹಿಂದಿನವರು ಏನು ತಿಂದರು, ಯಾವ ಕಾಯಿಲೆಯಿಂದ ನರಳಿದರು, ಎಲ್ಲಿಂದ ಬಂದರು ಎಂದು ಹಲ್ಲು, ಎಲುಬು ನೋಡಿ ಬರೆಯಬೇಕು. ಮೊದಮೊದಲು ಪೆಟ್ಟಿಗೆ ತೆರೆಯುವಾಗಲೆಲ್ಲ ಮನಸ್ಸಿನಲ್ಲೇ ಕ್ಷಮೆ ಕೇಳುತ್ತಿದ್ದೆ. ಈಗ ಸೊಂಟ ನೋಯುತ್ತದೆ, ಅಷ್ಟೇ.

ಹೋದ ವರ್ಷ ಶ್ರೀಗಂಧದ ಕಾವಲಿನಲ್ಲಿ ಯಾರೋ ಮನೆಗೆ ಪಾಯ ತೆಗೆಸುವಾಗ ಮೂಳೆಗಳು ಸಿಕ್ಕಿದವು. ಪೊಲೀಸರು ಬಂದು, ಇದು ಹೊಸ ಕೇಸಲ್ಲ ಎಂದು ಗೋಣಿಚೀಲಕ್ಕೆ ತುಂಬಿಸಿ ನಮ್ಮಲ್ಲಿಗೆ ಕಳಿಸಿದರು. ಜೊತೆಗೊಂದು ಫೋಟೊ: ಕಿರಿದಾದ ಗುಂಡಿ, ಅದರಲ್ಲಿ ಒಂದರ ಮೇಲೊಂದು ರಾಶಿಬಿದ್ದ ಮೂಳೆ. ಬೇರೆಲ್ಲೋ ಇದ್ದದ್ದನ್ನು ಆರಿಸಿ ತಂದು ಇಲ್ಲಿ ಮತ್ತೆ ಹೂತಿದ್ದಾರೆ, ಬಹಳ ಹಿಂದಿನ ಕಾಲದ ಪದ್ಧತಿ ಎಂದುಕೊಂಡೆ. ವರದಿ ಬರೆದೆ. ಹೆಂಗಸು, ಮೂವತ್ತರ ಆಸುಪಾಸು. ಹಲ್ಲಿನ ಮೇಲೆ ಅಡ್ಡಗೆರೆಗಳಿವೆ, ಅಂದರೆ ಚಿಕ್ಕಂದಿನಲ್ಲಿ ಹಸಿವೋ ಜ್ವರವೋ ಕಾಡಿದೆ. ಎಡ ಮುಂಗೈ ಮುರಿದು ಸೊಟ್ಟಗೆ ಕೂಡಿಕೊಂಡಿದೆ. ಮಣ್ಣು ಮೆತ್ತಿದ ಒಂದು ಪುಟ್ಟ ಉಂಡೆಯೂ ಇತ್ತು. ಪೊಟ್ಟಣಕ್ಕೆ ಹಾಕಿ 'ಕಲ್ಲು' ಎಂದು ಗೀಚಿದೆ. ಎಷ್ಟು ಹಳೆಯದೆಂದು ಪರೀಕ್ಷೆ ಮಾಡಿಸಲು ಸರದಿ ಬರುವುದು ಯಾವಾಗಲೋ. ಕಾಯುವ ತಾಳ್ಮೆಯಿಲ್ಲದೆ 'ಅತಿ ಪ್ರಾಚೀನ' ಎಂದು ಸಹಿ ಹಾಕಿ ಕೈತೊಳೆದುಕೊಂಡೆ.

ಹದಿನೈದು ದಿನ ಬಿಟ್ಟು, ಮೂಳೆ ಸಿಕ್ಕ ಸುದ್ದಿ ಕೇಳಿ ಮುದುಕರೊಬ್ಬರು ಬಂದರು. ಎಂಬತ್ತು ದಾಟಿರಬೇಕು, ಹಣೆ ತುಂಬ ವಿಭೂತಿ. ಆ ಸೈಟು ಒಂದು ಕಾಲಕ್ಕೆ ಅವರ ಹೊಲದ ಮೂಲೆ. ಲೇಔಟ್ ಆದಾಗ ಗುರುತಿನ ಕಲ್ಲು ಕಿತ್ತುಹೋಗಿ ತಾಯಿಯ ಸಮಾಧಿ ಎಲ್ಲಿತ್ತೆಂಬುದೇ ತಪ್ಪಿಹೋಗಿತ್ತು.

"ಅದು ನಮ್ಮವ್ವನೇ ಇರ್ಬೇಕು ಮೇಡಂ. ಕೊಟ್ಬಿಡಿ. ನಾನು ಕಣ್ಮುಚ್ಚೋದ್ರೊಳಗೆ ಮಣ್ಣು ಮಾಡ್ತೀನಿ."

"ಅಜ್ಜಾ, ಅದು ಸಾವಿರಾರು ವರ್ಷದ್ದು," ಎಂದೆ. ದನಿಯಲ್ಲಿ ಸಿಡುಕಿತ್ತು.

ಅವರು ಜಗಳಕ್ಕೆ ಬರಲಿಲ್ಲ. ಕೂತಲ್ಲೇ ಎಡಗೈಯನ್ನು ಮಣಿಕಟ್ಟಿನ ಹತ್ತಿರ ತಿರುಚಿ ತೋರಿಸಿದರು. "ನಮ್ಮವ್ವಂದು ಹಿಂಗಿತ್ತು. ಬಾವಿ ಮೆಟ್ಲಲ್ಲಿ ಬಿದ್ದಿದ್ಲಂತೆ. ಮುದ್ದೆ ಕಟ್ಟೋವಾಗ ಈ ಕೈ ಓರೆ ಆಗ್ತಿತ್ತು. ನಂಗಾಗ ಐದೋ ಆರೋ ವರ್ಷ, ಅದೊಂದೇ ಗ್ಯಾಪ್ಕ ಇರೋದು. ಅಂಗೈಯಲ್ಲಿ ಲಿಂಗ ಇಟ್ಟಿದ್ರು, ಸಿಗ್ಲಿಲ್ವಾ?"

ನನ್ನ ವರದಿ ಅವರ ಕಣ್ಣಿಗೆ ಬಿದ್ದಿರಲು ಸಾಧ್ಯವೇ ಇರಲಿಲ್ಲ. ಪೊಟ್ಟಣ ತಂದು ಉಂಡೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಮಣ್ಣು ಬಿಟ್ಟಿತು. ಒಳಗಿನ ಕಪ್ಪು ನುಣುಪು ಕಂಡಿತು. ಇಷ್ಟಲಿಂಗ.

ನಮ್ಮದೂ ಲಿಂಗಾಯತರ ಮನೆಯೇ. ದಾವಣಗೆರೆ ಕಡೆಯಿಂದ ಬಂದು ಬಸವೇಶ್ವರನಗರದಲ್ಲಿ ನೆಲೆಸಿದವರು. ಕಾಲೇಜು ಸೇರಿದಾಗ ಕೊರಳಿಂದ ತೆಗೆದಿಟ್ಟ ನನ್ನ ಲಿಂಗ ಈಗಲೂ ದೇವರ ಕೋಣೆಯ ಡಬ್ಬಿಯಲ್ಲಿದೆ. ಸತ್ತವರನ್ನು ನಾವು ಮಲಗಿಸುವುದಿಲ್ಲ, ಅಂಗೈಯಲ್ಲಿ ಲಿಂಗವಿಟ್ಟು ಕೂರಿಸಿ ಹೂಳುತ್ತೇವೆ. ಕೂತ ದೇಹ ಕರಗಿದರೆ ಮೂಳೆ ರಾಶಿಯಾಗಿಯೇ ಬೀಳುತ್ತದೆ. ಇದೆಲ್ಲ ಕೇಳಿ ಗೊತ್ತಿತ್ತು, ನೋಡಿರಲಿಲ್ಲ. ಅಪ್ಪನನ್ನು ಮಣ್ಣು ಮಾಡಿದ ದಿನ ಹೆಂಗಸರೆಂದು ನನ್ನನ್ನೂ ಅಮ್ಮನನ್ನೂ ರುದ್ರಭೂಮಿಯ ಗೇಟಿನಿಂದಲೇ ವಾಪಸು ಕಳಿಸಿದ್ದರು. ಆದರೂ ಅದು ನೆಪವೇ. ಊರವರ ಎಲುಬನ್ನೆಲ್ಲ ಓದುವವಳಿಗೆ ಮನೆಯದೇ ಗುರುತು ಸಿಗಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ತಪ್ಪು ಒಪ್ಪಿಕೊಂಡು ಇನ್ನೊಂದು ವರದಿ ಬರೆದೆ. ಮೇಲಿನವರು ಮುಖ ಸಿಂಡರಿಸಿದರು. ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದು ನನ್ನ ಚಪ್ಪಲಿ ಸವೆಯಿತು. ಅಷ್ಟು ತಿಂಗಳೂ ಮುದುಕರು ಪ್ರತಿ ಸೋಮವಾರ ಬಂದು, ಪೆಟ್ಟಿಗೆಯ ಎದುರು ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು. ಅವರು ಉಳಿಯುತ್ತಾರೋ ಇಲ್ಲವೋ ಎಂಬ ಭಯ ನನಗೆ.

ಕೊನೆಗೂ ಅಪ್ಪಣೆ ಬಂತು. ಪೆಟ್ಟಿಗೆಯನ್ನು ಅವರ ರುದ್ರಭೂಮಿಗೆ ನಾನೇ ಒಯ್ದು, ಗೇಟಿನಲ್ಲಿ ಕೊಟ್ಟು, ಅಭ್ಯಾಸದಂತೆ ಅಲ್ಲೇ ನಿಂತೆ. ಮುದುಕರು ತಿರುಗಿ ಬಂದರು.

"ಇಲ್ಯಾಕೆ ನಿಂತ್ರಿ ತಾಯಿ? ಯಾವ ಮೂಳೆ ಎಲ್ಲಿಗೆ ಅಂತ ನಮಗೇನು ಗೊತ್ತಾಗುತ್ತೆ? ಅವ್ವನ್ನ ನೀವೇ ಕೂರಿಸ್ಬೇಕು."

ಅವರ ತಮ್ಮನ ಮಗ ತಡೆದ. "ದೊಡ್ಡಪ್ಪಾ, ಹೆಂಗಸ್ರು ಗುಂಡಿಗೆ ಇಳಿಯೋದುಂಟಾ?"

"ಒಳಗೆ ಕೂರೋಳೂ ಹೆಂಗ್ಸೇ ಕಣೋ."

ಇಳಿದೆ. ಮೊದಲು ಸೊಂಟದ ಮೂಳೆ, ಅದರ ಮೇಲೆ ಬೆನ್ನಿನದು, ಮಡಚಿದ ಕಾಲು, ಕೊನೆಗೆ ತಲೆ. ಒಂದೂ ನಿಲ್ಲಲೊಲ್ಲದು. ಮಣ್ಣು, ವಿಭೂತಿ ಒತ್ತಿ ಒತ್ತಿ ನಿಲ್ಲಿಸಿದೆ. ಸೊಟ್ಟಗೈಯನ್ನು ತೊಡೆಯ ಮೇಲೆ ಒರಗಿಸಿ, ಅಂಗೈಯಲ್ಲಿ ಲಿಂಗವಿಟ್ಟೆ. ಅಪ್ಪನನ್ನೂ ಹೀಗೇ ಕೂರಿಸಿದ್ದಿರಬೇಕು ಎಂದು ಹೊಳೆದಾಗ ಅಳು ತಡೆಯಲಾಗಲಿಲ್ಲ.

ಏಳಲು ಹೋದರೆ ಮಂಡಿ ಹಿಡಿದುಕೊಂಡಿತ್ತು. ಮುದುಕರು ಮೇಲಿಂದ ಬಾಗಿ ಕೈ ಚಾಚಿದರು.

"ಸುಸ್ತಾಯ್ತಾ ತಾಯಿ?"

ಹೂಂ ಎಂದೆ.