ಬತ್ತಿದ ಕೊಳವೆಬಾವಿಗೆ ಇಳಿಸಿದ ಕೇಬಲ್

ಕಳೆದ ನವೆಂಬರ್‌ನ ಮೊದಲ ಮಂಗಳವಾರ ಬೆಳಗ್ಗೆ, ಹುತ್ತೂರು ಹೋಬಳಿಯ ನನ್ನ ಅಕ್ಕನ ಊರಿನಲ್ಲಿ ನೆಲ ನಡುಗಿತು. ಅವಳ ಅಡುಗೆಮನೆಯ ಗೋಡೆ ಸೂರಿನಿಂದ ನೆಲದವರೆಗೆ ಬಿರುಕು ಬಿಟ್ಟಿತು. ಆಮೇಲೆ ಹೆಚ್ಚುಕಡಿಮೆ ಪ್ರತಿ ಬೆಳಗ್ಗೆ ನೆಲದೊಳಗಿಂದ ಗುಡುಗಿನಂಥ ಸದ್ದು. ಕಲ್ಲು ಕ್ವಾರಿಯ ಸಿಡಿಮದ್ದು ಎಂದರು ಕೆಲವರು, ಭೂಮಿಯೇ ಎಂದರು ಕೆಲವರು. ಅಕ್ಕ, ಭಾವ ರೇಷ್ಮೆಹುಳು ಸಾಕುವ ಶೆಡ್ಡಿಗೆ ಮಂಚ ಸಾಗಿಸಿದರು. ಸಾಕಣೆ ನಿಂತಿತು.

ನಾನು ಕೋಲಾರದಲ್ಲಿ ವರದಿಗಾರ. ಪರಿಚಯದ ಎಂಜಿನಿಯರೊಬ್ಬರನ್ನು ಕೇಳಿಕೊಂಡೆ. ನೆಲದಾಳದ ಬಿಸಿಯಿಂದ ವಿದ್ಯುತ್ ತೆಗೆಯುವ ಕಡೆ ಬಾವಿಯೊಳಗೆ ಆಪ್ಟಿಕಲ್ ಫೈಬರ್ ಕೇಬಲ್ ಇಳಿಸಿ ಸಣ್ಣ ಭೂಕಂಪಗಳನ್ನು ಗುರುತಿಸುವುದು ಅವರ ಕೆಲಸ. ಕೇಬಲ್ಲಿನಲ್ಲಿ ಬೆಳಕು ಹಾಯಿಸುತ್ತಾರೆ. ನೆಲ ಅಲುಗಿದರೆ ವಾಪಸು ಬರುವ ಬೆಳಕು ಬದಲಾಗುತ್ತದೆ. ಅಂಥದ್ದೊಂದು ಜಾಗಕ್ಕೆ ಹೊರಟಿದ್ದ ಉಪಕರಣವನ್ನು ಅವರು ನಾಲ್ಕು ದಿನದ ಮಟ್ಟಿಗೆ ತಂದು, ಅಕ್ಕನ ತೋಟದ ಬತ್ತಿದ ಕೊಳವೆಬಾವಿಗೆ ಕೇಬಲ್ ಇಳಿಸಿದರು.

ಮೂರು ದಿನ ಪರದೆಯಲ್ಲಿ ಕಂಡದ್ದು ಪಂಪ್‌ಸೆಟ್ಟುಗಳ ನಡುಕ ಮಾತ್ರ. ಮೋಟರ್ ಓಡಿಸುವ ತ್ರೀ ಫೇಸ್ ಕರೆಂಟ್ ಬರುವ ಹೊತ್ತಿಗೇ ಸದ್ದೂ ಬಂದು ಆ ನಡುಕದಲ್ಲಿ ಮುಚ್ಚಿಹೋಗುತ್ತಿತ್ತು. ಒಂದು ಬೆಳಗ್ಗೆ ಸುತ್ತಲಿನ ಮೋಟರ್ ನಿಲ್ಲಿಸಿದರೆ ಸದ್ದು ಎಷ್ಟು ಆಳದ್ದೆಂದು ಹೇಳಬಹುದು ಎಂದರು ಎಂಜಿನಿಯರ್. ಮೇಲಿನದಾದರೆ ಕ್ವಾರಿ ನಿಲ್ಲಿಸಲು ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. ಆಳದ್ದಾದರೆ ಮನೆ ಬಿಡಬೇಕು. ಯಾವುದೆಂದು ತಿಳಿದರೆ ಸಾಕಾಗಿತ್ತು ಅಕ್ಕನಿಗೆ. ಮನೆಮನೆಗೆ ಹೋದಳು.

"ಕರೆಂಟ್ ಇರೋದೇ ನಾಕ್ ಗಂಟೆ. ನಿನ್ ಕೇಬಲ್ಲಿಗೋಸ್ಕರ ನನ್ ಹಿಪ್ಪುನೇರಳೆ ಒಣಗಿಸ್ಲಾ?" ಎಂದ ಪಕ್ಕದ ತೋಟದವನು.

"ನಾಳೆ ನಿನ್ ಗೋಡೆ ಬಿರುಕ್ ಬಿಟ್ರೆ ನಾನೂ ಹಿಂಗೇ ಅಂತೀನಿ, ಸರೀನಾ?"

"ದೇವುಡಾ! ಆಫ್ ಮಾಡ್ತೀನಿ, ಹೋಗಕ್ಕಾ."

ಎಲ್ಲರೂ ಒಪ್ಪಿದರು.

ಕೊನೆಯ ಬೆಳಗ್ಗೆ ಕರೆಂಟ್ ಬಂದ ಅರೆ ನಿಮಿಷಕ್ಕೆ ಸದ್ದು ಬಂತು. ಕಾಲಡಿಯ ನೆಲ ಅದುರಿತು. ಪರದೆಯ ತುಂಬ ಒತ್ತೊತ್ತಾಗಿ ಗೆರೆಗಳು.

"ಹತ್ತಿರದಲ್ಲೇ ಒಂದು ಮೋಟರ್ ಓಡ್ತಿದೆ," ಎಂದರು ಎಂಜಿನಿಯರ್. "ಇದರಲ್ಲಿ ಏನೂ ಹೇಳಕ್ಕಾಗಲ್ಲ."

"ಯಾವನ್ಲಾ ಅವ್ನು?" ಅಕ್ಕ ಕೂಗಿದಳು.

"ನಮ್ದೇ ಕಣೇ," ಎಂದರು ಭಾವ. "ಊರೆಲ್ಲಾ ಸುತ್ತಿ ನಮ್ ಇನ್ನೊಂದ್ ಬಾವಿ ಆಟೋ ಸ್ಟಾರ್ಟರ್ ಮರ್ತ್ವಿ." ಕರೆಂಟ್ ಬಂದ ಕೂಡಲೇ ತಾನಾಗಿ ಮೋಟರ್ ಓಡಿಸುವ ಪೆಟ್ಟಿಗೆ ಅದು.

ಅಕ್ಕ ಎಂಜಿನಿಯರ್ ಕಡೆ ತಿರುಗಿದಳು. "ಇನ್ನೊಂದ್ ದಿನ ಸಾರ್. ಕಾಲಿಗ್ ಬೀಳ್ತೀನಿ."

ಮಧ್ಯಾಹ್ನಕ್ಕೆ ಉಪಕರಣ ಹೊರಡಲೇಬೇಕು ಎಂದರು ಅವರು. ಮೋಟರ್ ನಿಲ್ಲಿಸಿ ಅಲ್ಲಿಯವರೆಗೆ ಕಾದೆವು. ಸದ್ದು ಮತ್ತೆ ಬರಲಿಲ್ಲ. ಕೇಬಲ್ ಮೇಲೆತ್ತಿ ಸುತ್ತಿ ವ್ಯಾನಿಗೆ ಹಾಕಿದರು.

ಉಪಕರಣ ಮತ್ತೆ ಯಾವಾಗ ಸಿಗುತ್ತದೆಂದು ಕೇಳಿ ಎಂಜಿನಿಯರಿಗೆ ನಾನು ಬರೆದ ಎರಡು ಪತ್ರಗಳಿಗೆ ಉತ್ತರ ಬಂದಿಲ್ಲ. ಮೊನ್ನೆ ಭಾನುವಾರದಿಂದ ಭಾವ ಮನೆ ಬಿಡಲೆಂದು ಅದರ ಹೆಂಚು ಇಳಿಸುತ್ತಿದ್ದಾರೆ.