ಭಾವನ ನಾನೂರು ಮಾತು

ನಮ್ಮ ಭಾವ ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದರು. ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟು ತಡ ಅನ್ನುವುದನ್ನು ಗಾಜಿನ ಗೂಡಿನಲ್ಲಿ ಕೂತು ಹೇಳುವ ಕೆಲಸ. ಊರವರ ಬಾಯಲ್ಲಿ ಅವರ ಹೆಸರು ‘ಮೈಕು’. ಮನೆಯಲ್ಲೂ ಅದೇ ಗಂಟಲು. ಊಟಕ್ಕೆ ಕೂತು ಉಪ್ಪು ಕೇಳಿದರೆ ಎದುರುಮನೆಯವರೇ ತಂದುಕೊಡಬೇಕು, ಹಾಗೆ ಕೇಳುತ್ತಿದ್ದರು.

ಹೋದ ವರ್ಷ ಗಂಟಲಲ್ಲಿ ಗಡ್ಡೆ ಕಾಣಿಸಿತು. ಧ್ವನಿಪೆಟ್ಟಿಗೆ ತೆಗೆಯದೆ ಗತಿಯಿಲ್ಲ ಎಂದರು ಡಾಕ್ಟರು. ಆಪರೇಷನ್ನಿಗೆ ಇನ್ನೂ ಮೂರು ವಾರವಿತ್ತು. ಭಾವ ಅಳಲಿಲ್ಲ, ಮಾಡಲಿಲ್ಲ. ಬಟ್ಟೆ ಬೀರುವಿನೊಳಗೆ ತಲೆ ತೂರಿಸಿಕೊಂಡು, ಮುಂದೆ ಬೇಕಾದೀತು ಅನ್ನಿಸಿದ ನಾನೂರು ಮಾತನ್ನು ಲ್ಯಾಪ್‌ಟಾಪಿಗೆ ಹೇಳಿಟ್ಟರು. ಪ್ರತಿಧ್ವನಿ ಬರಬಾರದು ಅಂತ ಬೀರು. ಒಂದೊಂದು ಮಾತನ್ನೂ ಮೂರು ಸಲ ಹೇಳಿದರು, ಅವರ ಕಸುಬಿನ ನಿಯಮವೇ ಅದು.

“ಪೆನ್‌ಡ್ರೈವಿಗೂ ಒಂದು ಹಾಕಿಡೋಣ ಭಾವ” ಎಂದೆ.

“ಮೂರು ಮೂರು ಕಾಪಿ ಇದೆಯಲ್ಲೋ, ಇನ್ನೇನು ಬೇಕು ನಿನಗೆ?”

ಮೂರೂ ಒಂದೇ ಲ್ಯಾಪ್‌ಟಾಪಿನಲ್ಲಿ, ಒಂದೇ ಫೋಲ್ಡರಿನಲ್ಲಿ. ಫೋನಿಗಾದರೂ ಹಾಕೋಣವೆಂದರೆ, ಅದರ ಸ್ಪೀಕರಿನಲ್ಲಿ ತಮ್ಮ ಗಂಟಲು ಸೊಳ್ಳೆಯ ಹಾಗೆ ಕೇಳಿಸುತ್ತದಂತೆ. ದೊಡ್ಡವರ ಹತ್ತಿರ ಯಾಕೆ ವಾದ ಎಂದು ಸುಮ್ಮನಾದೆ. ಅದಕ್ಕೆ ಈಗಲೂ ನನ್ನ ಮೇಲೆ ನನಗೇ ಸಿಟ್ಟಿದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಭಾವ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಬೇಕಾದ ಮಾತು ಹುಡುಕಿ ಒತ್ತಿ, ಎಂಟು ತಿಂಗಳು ಮಾತಾಡಿದರು. ಮೊದಲಿಗಿಂತ ಕಡಿಮೆಯೇನೂ ಅಲ್ಲ. ಆಮೇಲೊಂದು ಬೆಳಿಗ್ಗೆ ಲ್ಯಾಪ್‌ಟಾಪ್ ಒಳಗಿಂದ ಕಟ್ ಕಟ್ ಎಂದು ಸದ್ದು ಮಾಡಿ ನಿಂತಿತು. ಭಾವ ಆಫ್ ಮಾಡಿ ಆನ್ ಮಾಡಿದರು. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಹದಿನೇಳು ಸಲ ಹಾಗೆ ಮಾಡಿದ್ದರು.

ಕಂಪ್ಯೂಟರ್ ರಿಪೇರಿ ಮಾಡುವ ಮೇಡಂ ಒಬ್ಬರ ಹತ್ತಿರ ಒಯ್ದೆವು. ಅವರ ಅಂಗಡಿ ಮೆಟ್ಟಿಲ ಕೆಳಗಿನ ಮುರುಕಲು ಕೋಣೆ. ಅವರು ಸ್ಕ್ರೂಗಳನ್ನು ಬಿಚ್ಚಿ ಐಸ್ ಟ್ರೇಯ ಗುಳಿಗಳಲ್ಲಿ ಹಾಕಿಕೊಂಡು, ಡಿಸ್ಕನ್ನು ಕಿವಿಗೆ ಹಿಡಿದು ಕೇಳಿದರು.

“ಎಷ್ಟು ಸಲ ಆನ್ ಮಾಡಿದ್ರಿ?”

ಭಾವ ನೋಟ್‌ಬುಕ್ಕಿನಲ್ಲಿ ‘೨–೩’ ಎಂದು ಬರೆದರು. ನಾನು “ಹದಿನೇಳು” ಎಂದೆ. ಭಾವ ನನ್ನನ್ನು ನುಂಗುವ ಹಾಗೆ ನೋಡಿದರು.

“ಪ್ರತಿ ಸಲವೂ ಒಳಗಡೆ ಇನ್ನಷ್ಟು ಕೆರೆದುಕೊಂಡಿರುತ್ತೆ” ಎಂದರು ಮೇಡಂ. “ನಾನೀಗ ಇದರಲ್ಲಿರೋದನ್ನ ಬೇರೆ ಡಿಸ್ಕಿಗೆ ನಿಧಾನಕ್ಕೆ ಇಳಿಸ್ಕೋತೀನಿ. ಓದಕ್ಕೆ ಬಾರದ ಜಾಗ ಬಿಟ್ಟು ಮುಂದೆ ಹೋಗ್ತೀನಿ, ಕೊನೇಲಿ ವಾಪಸ್ ಬಂದು ನೋಡ್ತೀನಿ. ಮಧ್ಯದಲ್ಲೇ ಕೈ ಕೊಡಬಹುದು. ಅದಕ್ಕೆ ಕೇಳ್ತಿದೀನಿ, ಬೇಕೇ ಬೇಕು ಅನ್ನೋದು ಯಾವುದು?”

ಭಾವ ಬರೆದದ್ದು ಒಂದೇ ಪದ, ಅಕ್ಕನ ಹೆಸರು. ಅದನ್ನು ಕೂಗಿ ಕರೆದ ಫೈಲು. ಕೆಳಗೆ ‘ಇದೊಂದು ಸಿಕ್ಕರೆ ಸಾಕು’ ಎಂದು ಸೇರಿಸಿದರು. ಮೂವತ್ತು ವರ್ಷ ಅವರನ್ನು ಗೋಳು ಹೊಯ್ದುಕೊಂಡ ನನಗೆ ಆಗ ಒಂದು ತಮಾಷೆಯೂ ಹೊಳೆಯಲಿಲ್ಲ. ಅವರ ಬಗ್ಗೆ ಅಯ್ಯೋ ಅನ್ನಿಸಿತು.

ನಾಲ್ಕು ದಿನ ಹಿಡಿಯಿತು. ಮೊದಲ ದಿನ ಭಾವ ಅಕ್ಕನನ್ನು ಕರೆಯಲು ಚಮಚದಲ್ಲಿ ತಟ್ಟೆ ಬಡಿದರು. ಮೊದಲ ಸಲಕ್ಕೇ ಅಕ್ಕ ಬಂದು, “ತಟ್ಟೆ ಬಡಿದ್ರೆ ಓಡಿಬರೋಕೆ ನಾನೇನು ಬೆಕ್ಕಾ?” ಎಂದು ಚಮಚ ಕಿತ್ತುಕೊಂಡು ಹೋದಳು. ಆಮೇಲೆ ಭಾವ ಏನು ಬೇಕಾದರೂ ಎದ್ದು ಹೋಗಿ ಅವಳ ಭುಜ ಮುಟ್ಟಬೇಕಾಯಿತು. ಅಕ್ಕ ಪ್ರತಿ ಸಲವೂ ಬೆಚ್ಚಿಬೀಳುತ್ತಿದ್ದಳು. ಏನು ಹೋಗಿದೆ, ಏನು ಉಳಿದೀತು ಎಂದು ಅವಳು ಒಂದು ಮಾತೂ ಕೇಳಲಿಲ್ಲ. ಮನೆ ತಣ್ಣಗಿತ್ತು.

ಐದನೇ ದಿನ ಮೇಡಂ ಲೆಕ್ಕ ಒಪ್ಪಿಸಿದರು. ನಾನೂರರಲ್ಲಿ ನೂರಾ ಎಂಬತ್ತು ಮಾತು ಉಳಿದಿದ್ದವು. ‘ಥ್ಯಾಂಕ್ಸ್’ ಮೂರೂ ಹೋಗಿತ್ತು. ‘ತಪ್ಪಾಯಿತು’ ಪೂರ್ತಿ ಹೋಗಿತ್ತು. ‘ನಾನು ಆವತ್ತೇ ಹೇಳಿರಲಿಲ್ಲವಾ’ ಅನ್ನುವುದು ಮಾತ್ರ ಮೂರಕ್ಕೆ ಮೂರೂ ಗಟ್ಟಿಯಾಗಿತ್ತು.

“ಹೆಸರು?” ಎಂದೆ.

“ಎರಡು ಕೆಟ್ಟಿದೆ. ಒಂದು ಇದೆ.”

ಭಾವ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. ಮೇಡಂ ಕೇಳಿಸಲು ಹೋದರೆ ಕೈ ಅಡ್ಡ ಹಿಡಿದು ಬೇಡವೆಂದರು. ಮೇಡಂ ಹೊಸ ಡಿಸ್ಕಿಗೆ ಒಂದು, ನನ್ನ ಪೆನ್‌ಡ್ರೈವಿಗೆ ಒಂದು, ಭಾವನ ಫೋನಿಗೆ ಒಂದು ಹಾಕಿಕೊಟ್ಟರು. ಸೊಳ್ಳೆಯ ಬಗ್ಗೆ ಭಾವ ಈ ಸಲ ತಕರಾರು ತೆಗೆಯಲಿಲ್ಲ.

ಮನೆಗೆ ಬಂದು ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಸೌಂಡ್ ಪೂರ್ತಿ ಏರಿಸಿ, ಭಾವ ಒತ್ತಿದರು. ಅಕ್ಕನ ಹೆಸರು ಮನೆಯೆಲ್ಲ ತುಂಬಿತು, ಈಗಲೇ ಹತ್ತದಿದ್ದರೆ ಬಸ್ಸು ಹೋಗಿಬಿಡುತ್ತದೆ ಅನ್ನುವ ಹಾಗೆ. ಉತ್ತರ ಇಲ್ಲ. ಮತ್ತೆ ಒತ್ತಿದರು. ಇಲ್ಲ. ಭಾವನ ಮುಖ ಸಣ್ಣದಾಯಿತು. ಆದರೂ ಒತ್ತುತ್ತಲೇ ಇದ್ದರು.

ನಾನು ಎದ್ದು ಒಳಗೆ ಹೋದೆ. ಅಕ್ಕ ಒಗೆದ ಬಟ್ಟೆ ಮಡಿಸುತ್ತಿದ್ದವಳು, ಮಡಿಸುವುದನ್ನು ಬಿಟ್ಟು ಮಂಚದ ಮೇಲೆ ಕೂತಿದ್ದಳು.

“ಭಾವ ಆಗಿನಿಂದ ಕರೀತಿದಾರೆ, ಕೇಳಿಸ್ತಿಲ್ವಾ ಅಕ್ಕ?”

“ಕೇಳಿಸ್ತಿದೆ, ಸುಮ್ನಿರೋ” ಎಂದಳು ಅಕ್ಕ. “ಓಗೊಟ್ರೆ ಕರೆಯೋದು ನಿಲ್ಲಿಸಿಬಿಡ್ತಾರೆ.”